ಬಡವನ ಮನೆಯೂ ಬಿಸಿಲಿನ ಲೆಕ್ಕವೂ



ಬೆಂಗಳೂರಿನಿಂದ ಹಳೆಯ ಮದ್ರಾಸು ರಸ್ತೆಯನ್ನು ಹಿಡಿದು ಮೂಡಣಕ್ಕೆ ನೂರು ಕಿಲೋಮೀಟರಿನಷ್ಟು ದೂರ ಸಾಗಿದರೆ ಮುಳಬಾಗಿಲು ಸಿಕ್ಕುತ್ತದೆ. 'ಮೂಡಲ ಬಾಗಿಲು' ಎಂಬುದೇ ಜನರ ನಾಲಗೆಯಲ್ಲಿ ಮುಳಬಾಗಿಲಾಯಿತೆಂದು ಹೇಳುವುದುಂಟು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಗುಡ್ಡಗಳ ನಡುವೆ, ಕುರುಡುಮಲೆ ಇದೆ. ಹದಿಮೂರು ಅಡಿಗೂ ಮಿಕ್ಕ ಎತ್ತರದ ಏಕಶಿಲೆಯ ಗಣಪತಿಯನ್ನು ನೋಡಲು ನಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿ ಬಂದಿರಬಹುದು. ಪಕ್ಕದಲ್ಲಿಯೇ ಇರುವ ಸೋಮೇಶ್ವರ ದೇವಾಲಯದ ಒಂದು ಭಾಗವನ್ನು ಜಕಣಾಚಾರಿಯೂ ಇನ್ನೊಂದು ಭಾಗವನ್ನು ಅವನ ಮಗ ಡಂಕಣಾಚಾರಿಯೂ ಕಟ್ಟಿದರೆಂದು ಊರಿನವರು ಹೇಳುತ್ತಾರೆ. ಕಥೆಯ ನಿಜಾನಿಜವನ್ನು ಇತಿಹಾಸಜ್ಞರಿಗೆ ಬಿಡೋಣ. ಆ ಗುಡಿಯನ್ನು ಕಟ್ಟಿದವರು ಕಲ್ಲಿಗಾಗಿ ಪರಸ್ಥಳಕ್ಕೆ ಹೋಗಬೇಕಾಗಿರಲಿಲ್ಲ. ಸುತ್ತಲ ಬೆಟ್ಟವೇ ಅವರ ಉಗ್ರಾಣವಾಗಿತ್ತು. ಈ ಒಂದು ಮಾತು ಮಾತ್ರ ನಮಗೆ ಈ ಹೊತ್ತು ಬೇಕು.

ದೇವರ ಮನೆಯ ವಿಷಯ ಹಾಗಿರಲಿ. ಮನುಷ್ಯರ ಮನೆಯ ವಿಷಯವಾಗಿ ಈ ದಿನ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ನಾನು ವೃತ್ತಿಯಿಂದ ಅಧ್ಯಾಪಕ, ಕರಣೆ ಹಿಡಿದವನಲ್ಲ. ಆದರೆ ಮನೆಯ ಪ್ರಶ್ನೆಯನ್ನು ಇಂಜಿನಿಯರುಗಳಿಗೂ ಗಾರೆಯವರಿಗೂ ಪೂರ್ತಿಯಾಗಿ ಒಪ್ಪಿಸಿ ಸುಮ್ಮನೆ ಕೂಡುವುದು ವಿದ್ಯಾವಂತರಿಗೆ ತಕ್ಕದ್ದಲ್ಲ. ಅದು ಹಣದ ಪ್ರಶ್ನೆ, ಆರೋಗ್ಯದ ಪ್ರಶ್ನೆ, ಕೆರೆ ಕಾಡುಗಳ ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚಾಗಿ ಮರ್ಯಾದೆಯ ಪ್ರಶ್ನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿ ಮುಗಿಸಿದ ದಿನಕ್ಕೆ ಖರ್ಚು ಮುಗಿಯಿತೆಂದು ತಿಳಿದವನಿಗೆ ಈ ಗಾದೆಯ ಅರ್ಥ ಪೂರ್ತಿ ಆಗಿಲ್ಲ. ಮನೆಗೆ ಲೆಕ್ಕಗಳು ಮೂರು. ಕಟ್ಟುವಾಗ ಕೈಬಿಡುವ ಹಣ ಮೊದಲನೆಯದು. ಆ ಮನೆಯಲ್ಲಿ ಬಾಳುವಷ್ಟು ಕಾಲವೂ ದೀಪಕ್ಕೆ, ಬೀಸಣಿಗೆಗೆ, ನೀರಿಗೆ, ದುರಸ್ತಿಗೆ ತೆರುವ ಹಣ ಎರಡನೆಯದು. ಮೂರನೆಯದನ್ನು ನಾವು ತೆರುವುದಿಲ್ಲ; ನಮ್ಮ ಪರವಾಗಿ ನೆಲ ತೆರುತ್ತದೆ. ಇಟ್ಟಿಗೆಗಾಗಿ ತೋಡಿದ ಮಣ್ಣು, ಗೂಡಿನಲ್ಲಿ ಉರಿದ ಸೌದೆ, ಸಿಮೆಂಟು ಉಕ್ಕುಗಳ ಕುಲುಮೆಯಲ್ಲಿ ಸುಟ್ಟ ಕಲ್ಲಿದ್ದಲು, ಇವೆಲ್ಲ ಆ ಮೂರನೆಯ ಲೆಕ್ಕಕ್ಕೆ ಸೇರಿದವು. ಅಗ್ಗದ ಮನೆ ಎಂದರೆ ಈ ಮೂರೂ ಲೆಕ್ಕಗಳಲ್ಲಿ ಅಗ್ಗವಾಗಿರಬೇಕು. ಮೊದಲನೆಯದರಲ್ಲಿ ಮಾತ್ರ ಅಗ್ಗವಾದದ್ದು ಅಗ್ಗವಲ್ಲ, ಸಾಲ.

ಕೋಲಾರದ ಸೀಮೆಯಲ್ಲಿ ಹಿಂದೆ ಮನೆ ಕಟ್ಟುತ್ತಿದ್ದ ರೀತಿಯನ್ನು ನೆನೆಯೋಣ. ತಳದಲ್ಲಿ ಕಲ್ಲಿನ ಅಡಿಪಾಯ. ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಇಲ್ಲವೆ ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ಗೋಡೆ. ಮೇಲೆ ತೊಲೆ ಜಂತೆಗಳನ್ನು ಹರಡಿ ಕಟ್ಟಿದ ಮಣ್ಣಿನ ಮಾಳಿಗೆ, ಅಥವಾ ನಾಡಹೆಂಚಿನ ಇಳಿಜಾರು ಸೂರು. ಕಲ್ಲು ಹೇರಳವಾಗಿದ್ದೆಡೆ ಚಪ್ಪಡಿಯನ್ನೇ ಮೇಲೆ ಹಾಸುತ್ತಿದ್ದರು. ಬೀದಿಯ ಕಡೆಗೆ ಜಗುಲಿ, ನಡುವೆ ಪಡಸಾಲೆ, ಅಡುಗೆಯ ಮನೆಯ ನೆತ್ತಿಯಲ್ಲಿ ಹೊಗೆ ಹೋಗಲು ಗವಾಕ್ಷಿ. ಇಂಥ ಮನೆಯೊಳಕ್ಕೆ ವೈಶಾಖದ ನಡುಹಗಲಿನಲ್ಲಿ ಕಾಲಿಟ್ಟವರಿಗೆ ಅದರ ಗುಣವನ್ನು ವರ್ಣಿಸಿ ಹೇಳಬೇಕಾಗಿಲ್ಲ. ದಪ್ಪನೆಯ ಗೋಡೆಯು ಹಗಲಿನ ಶಾಖವನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಂಡು, ಒಳಗಿನವರಿಗೆ ನಿಧಾನವಾಗಿ ಬಿಡುತ್ತದೆ. ಅದು ಒಳಮೈಗೆ ತಲುಪುವ ಹೊತ್ತಿಗೆ ಹೊರಗೆ ರಾತ್ರಿಯ ತಂಗಾಳಿ ಬೀಸುತ್ತಿರುತ್ತದೆ.

ಹಾಗಾದರೆ ಜನ ಅದನ್ನು ಏಕೆ ಬಿಟ್ಟರು? ಹಳೆಯದನ್ನೆಲ್ಲ ಕೊಂಡಾಡುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಮಣ್ಣುಮನೆಗೆ ವರುಷವರುಷವೂ ಆರೈಕೆ ಬೇಕು. ಗೆದ್ದಲು ತೊಲೆಯನ್ನು ತಿನ್ನುತ್ತದೆ, ಇಲಿ ಹೆಗ್ಗಣಗಳು ಗೋಡೆಯನ್ನು ಕೊರೆಯುತ್ತವೆ. ಜಂತೆಗೆ ಬೇಕಾದ ಮರ ಈಗ ಬಡವನ ಕೈಗೆ ಎಟುಕುವುದಿಲ್ಲ. ಮಳೆ ಹಿಡಿದು ಹೊಡೆದರೆ ಪ್ರಾಣಕ್ಕೇ ಅಪಾಯ. 2021ರ ನವೆಂಬರಿನಲ್ಲಿ ಬಯಲುಸೀಮೆಯ ಈ ಜಿಲ್ಲೆಗಳಲ್ಲಿ ಕಾಲವಲ್ಲದ ಕಾಲದಲ್ಲಿ ಭಾರಿ ಮಳೆ ಸುರಿದಾಗ ಹಳೆಯ ಮಣ್ಣುಮನೆಗಳು ಅನೇಕ ಕುಸಿದುಬಿದ್ದವು. ಗೋಡೆ ಯಾವಾಗ ಬಿದ್ದೀತೋ ಎಂದು ಮಕ್ಕಳನ್ನು ಮಗ್ಗುಲಲ್ಲಿಟ್ಟುಕೊಂಡು ರಾತ್ರಿಯೆಲ್ಲ ಎಚ್ಚರವಾಗಿದ್ದ ತಾಯಿಗೆ ಮಣ್ಣಿನ ತಂಪನ್ನು ಕುರಿತು ಉಪನ್ಯಾಸ ಮಾಡುವ ಹಕ್ಕು ನಮಗಿಲ್ಲ. ಆಕೆ ಭದ್ರವಾದ ಮನೆಯನ್ನು ಕೇಳುತ್ತಾಳೆ, ಕೇಳುವುದು ನ್ಯಾಯ.

ಆದರೆ ಆಕೆಗೆ ದೊರೆಯುವುದೇನು? ಸಾಮಾನ್ಯವಾಗಿ ಒಂದು ಪೆಟ್ಟಿಗೆ. ತೆಳುವಾದ ಗೋಡೆ, ಮೇಲೆ ನಾಲ್ಕೈದು ಅಂಗುಲದ ಕಾಂಕ್ರೀಟು ಹಲಗೆ; ಹಣ ಸಾಲದಿದ್ದರೆ ಸಿಮೆಂಟಿನ ತಗಡು. ಸೂರಿನ ಚಾಚು ಇಲ್ಲ, ಜಗುಲಿಯಿಲ್ಲ, ಗವಾಕ್ಷಿಯಿಲ್ಲ. ಮಳೆಗೆ ಹೆದರಬೇಕಾಗಿಲ್ಲವೆಂಬುದು ನಿಜ. ಆದರೆ ಹಗಲೆಲ್ಲ ಕಾದ ಆ ಹಲಗೆ ಮನೆಯವರು ಊಟ ಮುಗಿಸಿ ಮಲಗುವ ಹೊತ್ತಿಗೆ ಸರಿಯಾಗಿ ತನ್ನ ಶಾಖವನ್ನು ಕೆಳಕ್ಕೆ ಬಿಡಲಾರಂಭಿಸುತ್ತದೆ. ತಗಡಿನ ಮನೆಯಂತೂ ಹಗಲಿನಲ್ಲಿಯೇ ಒಲೆ. ಮಳೆಯ ಭಯ ಹೋಗಿ ಬಿಸಿಲಿನ ಭಯ ಬಂದಿತು. ಹೀಗಾಗಿ ಈಗ ಬೇಕಾಗಿರುವುದು ಹಳೆಯ ಮನೆಗೆ ಹಿಂದಿರುಗುವ ದಾರಿಯಲ್ಲ. ಭದ್ರತೆಯನ್ನೂ ತಂಪನ್ನೂ ಒಟ್ಟಿಗೆ ಕೊಡುವ ಹೊಸ ಮನೆಯ ದಾರಿ.

ಅದೃಷ್ಟವಶಾತ್ ಅಂಥ ದಾರಿಯನ್ನು ನಮ್ಮ ನಾಡಿನಲ್ಲಿಯೇ ಶೋಧಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ವಿಭಾಗವೊಂದು ಹುಟ್ಟಿತು. ಹಳ್ಳಿಗಳಿಗೆ ಒದಗುವಂತೆ ವಿಜ್ಞಾನವನ್ನು ಪ್ರಯೋಗಿಸುವುದೇ ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಕೇಂದ್ರವನ್ನು ತೆರೆದರು. ಹೊಗೆಯನ್ನು ಹೊರಕ್ಕೆ ಕಳಿಸಿ ಸೌದೆಯನ್ನು ಉಳಿಸುವ 'ಅಸ್ತ್ರ ಒಲೆ'ಯ ಹೆಸರನ್ನು ನೀವು ಕೇಳಿರಬಹುದು. ಅದೇ ವಿಭಾಗದಲ್ಲಿ ಪ್ರೊಫೆಸರ್ ಜಗದೀಶರೂ ಪ್ರೊಫೆಸರ್ ವೆಂಕಟರಾಮ ರೆಡ್ಡಿಯವರೂ ಮಣ್ಣಿನ ವಿಷಯವಾಗಿ ಬಹುಕಾಲ ಸಂಶೋಧನೆ ನಡೆಸಿದರು. ಅದರ ಫಲವೇ ಒತ್ತುಮಣ್ಣಿನ ಗಟ್ಟಿ ಇಟ್ಟಿಗೆ.

ಇದನ್ನು ಮಾಡುವ ಕ್ರಮ ಬಹು ಸರಳ. ಮಣ್ಣನ್ನು ಜರಡಿಹಿಡಿಯಬೇಕು. ತೂಕದಲ್ಲಿ ನೂರಕ್ಕೆ ಆರೇಳು ಪಾಲಿನಷ್ಟು ಸಿಮೆಂಟನ್ನು ಅದರೊಡನೆ ಬೆರೆಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ನೀರು ಚಿಮುಕಿಸಿ, ಕೈಯಿಂದ ನಡೆಸುವ ಒತ್ತುಯಂತ್ರದಲ್ಲಿ ತುಂಬಿ ಒತ್ತಬೇಕು. ಹೊರಬಂದ ಇಟ್ಟಿಗೆಗಳನ್ನು ನೆರಳಿನಲ್ಲಿ ಒಟ್ಟಿ, ಹುಲ್ಲು ಹೊದಿಸಿ, ಮೂರು ನಾಲ್ಕು ವಾರ ನೀರುಣಿಸಿದರೆ ಕೆಲಸ ಮುಗಿಯಿತು. ಬೆಂಕಿಯ ಸೋಂಕೇ ಇಲ್ಲ. ಆದರೆ ಎಲ್ಲ ಮಣ್ಣೂ ಇದಕ್ಕೆ ಒಗ್ಗುವುದಿಲ್ಲ. ಕೆರೆಯ ಗೋಡುಮಣ್ಣಿನಲ್ಲಿ ಜೇಡಿ ಅತಿಯಾಗಿರುವುದರಿಂದ ಒಣಗಿದಾಗ ಸೀಳುತ್ತದೆ. ಮರಳಿನ ಅಂಶ ಹೆಚ್ಚಾಗಿದ್ದು ಜೇಡಿಯ ಅಂಶ ನೂರಕ್ಕೆ ಹತ್ತು ಹದಿನೈದರಷ್ಟಿರುವ ಕೆಮ್ಮಣ್ಣು ಉತ್ತಮ. ಕೋಲಾರದ ಸೀಮೆಯ ಕೆಮ್ಮಣ್ಣು ಇದಕ್ಕೆ ದೂರವಲ್ಲ. ಜೇಡಿ ಮಿಕ್ಕಿದ್ದರೆ ಕಲ್ಲುಗಣಿಗಳ ಬಳಿ ಬಿದ್ದಿರುವ ಕಲ್ಲುಪುಡಿಯನ್ನು ಬೆರೆಸಿ ಸರಿಮಾಡಿಕೊಳ್ಳಬಹುದು. ಒಂದು ಗಾಜಿನ ಸೀಸೆಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ ಕುಲುಕಿ ಇಟ್ಟರೆ ಮರಳು ಕೆಳಗೂ ಜೇಡಿ ಮೇಲಕ್ಕೂ ನಿಲ್ಲುತ್ತವೆ. ಶಾಲೆಯ ಹುಡುಗನೂ ಅಳೆದು ನೋಡಬಹುದು. ಈ ಬಗೆಯ ಇಟ್ಟಿಗೆಗೆ ಭಾರತೀಯ ಮಾನಕ ಸಂಸ್ಥೆ 1982ರಲ್ಲಿಯೇ ಅಳತೆಗೋಲನ್ನು ಗೊತ್ತುಮಾಡಿ 2013ರಲ್ಲಿ ಅದನ್ನು ಪರಿಷ್ಕರಿಸಿತು. ಆದಕಾರಣ ಇದು ಯಾರೋ ಕೆಲವರ ಹುಚ್ಚೆಂದು ತಳ್ಳಿಹಾಕುವಂತಿಲ್ಲ.

ಈಗ ಅಂಕಿಗಳನ್ನು ನೋಡೋಣ. ವೆಂಕಟರಾಮ ರೆಡ್ಡಿ ಮತ್ತು ಜಗದೀಶರು 2003ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಕಟ್ಟಡದ ಸಾಮಗ್ರಿಗಳನ್ನು ತಯಾರಿಸಲು ಎಷ್ಟು ಶಕ್ತಿ ವ್ಯಯವಾಗುತ್ತದೆಂಬುದನ್ನು ಲೆಕ್ಕಹಾಕಿದ್ದಾರೆ. ಎಂಟು ಅಂತಸ್ತಿನ ಕಾಂಕ್ರೀಟು ಕಂಬಗಳ ಕಟ್ಟಡದಲ್ಲಿ ಒಂದು ಚದರ ಮೀಟರು ನೆಲಕ್ಕೆ ತಗಲಿದ ಶಕ್ತಿ 4.21 ಗಿಗಾಜೂಲು. ಸುಟ್ಟ ಇಟ್ಟಿಗೆಯ ಗೋಡೆಯೇ ಭಾರ ಹೊರುವ ಎರಡು ಅಂತಸ್ತಿನ ಮನೆಯಲ್ಲಿ ಅದು 2.92. ಒತ್ತುಮಣ್ಣಿನ ಇಟ್ಟಿಗೆಯೇ ಮೊದಲಾದ ಹೊಸ ವಿಧಾನಗಳಿಂದ ಕಟ್ಟಿದ ಎರಡು ಅಂತಸ್ತಿನ ಮನೆಯಲ್ಲಿ 1.61 ಮಾತ್ರ. ಗೋಡೆಯನ್ನಷ್ಟೇ ತೆಗೆದುಕೊಂಡರೆ ವ್ಯತ್ಯಾಸ ಇನ್ನೂ ಹೆಚ್ಚು: ಒಂದು ಘನಮೀಟರು ಸುಟ್ಟ ಇಟ್ಟಿಗೆಯ ಗೋಡೆಗೆ ಸುಮಾರು 2,100 ಮೆಗಾಜೂಲು, ಅದೇ ಒತ್ತುಮಣ್ಣಿನ ಗೋಡೆಗೆ ಸುಮಾರು 650.

ಗಿಗಾಜೂಲು ಎಂದರೆ ಕೇಳುವವರಿಗೆ ಬೇಸರವಾಗಬಹುದು. ಇದನ್ನು ಸೌದೆಯ ಮಾತಿಗೆ ಇಳಿಸೋಣ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು ಬಯಲುನಾಡಿನ ಒಂದು ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ಸಹಾಯವನ್ನೂ, ಕನಿಷ್ಠ 25 ಚದರ ಮೀಟರು ವಿಸ್ತೀರ್ಣವನ್ನೂ ಗೊತ್ತುಮಾಡಿತು. ಅಷ್ಟು ದೊಡ್ಡ ಮನೆಗೆ ಸುತ್ತುಗೋಡೆಯೂ ನಡುವೆ ಒಂದು ಅಡ್ಡಗೋಡೆಯೂ ಸೇರಿ, ಬಾಗಿಲು ಕಿಟಕಿಗಳನ್ನು ಕಳೆದು, ಒಂಬತ್ತು ಅಂಗುಲ ದಪ್ಪಕ್ಕೆ ಸುಮಾರು 16 ಘನಮೀಟರು ಗೋಡೆ ಬೇಕು. ಎರಡು ಬಗೆಯ ಗೋಡೆಗೂ ಇರುವ ಅಂತರ ಹೆಚ್ಚುಕಡಮೆ 23,000 ಮೆಗಾಜೂಲು. ಒಣಸೌದೆಯಲ್ಲಿ ಇದು ಸುಮಾರು ಒಂದೂವರೆ ಟನ್ನು. ಒಬ್ಬ ಬಡವನ ಒಂದು ಸಣ್ಣ ಮನೆಯ ಗೋಡೆಯಲ್ಲಿ ಒಂದೂವರೆ ಟನ್ನು! ಹಳ್ಳಿಯಲ್ಲಿ ಹತ್ತು ಮನೆ ಎದ್ದರೆ ಹದಿನೈದು ಟನ್ನು. ಮಾಲೂರಿನ ಕಡೆಯ ಹೆಂಚು ಇಟ್ಟಿಗೆಗಳ ಹೆಸರು ದೊಡ್ಡದು. ಆ ಕಸುಬನ್ನು ನಂಬಿದ ಸಂಸಾರಗಳೂ ಅನೇಕ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ವರುಷವೆಲ್ಲ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಯೇ ಜೀವ. ಕೆರೆಯಂಗಳದ ಮಣ್ಣನ್ನು ಎಷ್ಟು ಆಳಕ್ಕೆ, ಎಷ್ಟು ಕಾಲ ತೋಡಬಹುದು ಎಂದು ಕೇಳಿಕೊಳ್ಳದೆ ಇರಲಾಗುವುದಿಲ್ಲ. ಸುಟ್ಟ ಇಟ್ಟಿಗೆಯೇ ಬೇಕಾದವರಿಗೂ ಒಂದು ಉಪಾಯವುಂಟು. ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ಶಿಲ್ಪಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಪ್ರಚಾರಕ್ಕೆ ತಂದರು. ಇದರಿಂದ ಇಟ್ಟಿಗೆಯಲ್ಲಿ ಕಾಲುಭಾಗದಷ್ಟು ಉಳಿತಾಯವಾಗುತ್ತದೆ. ನಡುವಣ ಗಾಳಿ ಶಾಖವನ್ನೂ ತಡೆಯುತ್ತದೆ.

ಸಿಮೆಂಟು ಕಡಮೆಯಾದರೆ ಗಟ್ಟಿಯಾಗಿ ನಿಂತೀತೇ ಎಂದು ಸಂದೇಹಪಡುವವರು ಕನ್ನಂಬಾಡಿಯನ್ನು ನೆನೆಯಬೇಕು. 1911ರಲ್ಲಿ ಆರಂಭವಾದ ಆ ಕಟ್ಟೆಯನ್ನು ಸಿಮೆಂಟಿನಿಂದ ಕಟ್ಟಲಿಲ್ಲ. ಸುಣ್ಣಕ್ಕೆ ಸುಟ್ಟ ಜೇಡಿಯ ಪುಡಿಯನ್ನು ಬೆರೆಸಿದ ಸುರ್ಕಿಗಾರೆಯಿಂದ ಕಟ್ಟಿದರು. ಕಾವೇರಿಯನ್ನು ತಡೆದು ನಿಲ್ಲಿಸಿದ ಗಾರೆ ನಮ್ಮ ಅಡುಗೆಯ ಮನೆಯ ಗೋಡೆಯನ್ನು ನಿಲ್ಲಿಸಲಾರದೆ?

ಗೋಡೆಯ ಮಾತಾಯಿತು, ಇನ್ನು ಸೂರು. ಬಯಲುಸೀಮೆಯ ಮನೆಯಲ್ಲಿ ಶಾಖದ ಹೆಬ್ಬಾಗಿಲು ಸೂರೇ. ಮುಳಬಾಗಿಲಿನ ಸೀಮೆ ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಷ್ಟು ದೂರದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಮಧ್ಯಾಹ್ನದ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆದಕಾರಣ ಸೂರನ್ನು ತಣ್ಣಗಿಟ್ಟವನು ಮನೆಯನ್ನು ಮುಕ್ಕಾಲುಪಾಲು ತಣ್ಣಗಿಟ್ಟಂತೆ. ಇದಕ್ಕೆ ಎಲ್ಲಕ್ಕಿಂತ ಅಗ್ಗದ ಉಪಾಯ ಸುಣ್ಣ. ಬೇಸಗೆಗೆ ಮುಂಚೆ ಮಾಳಿಗೆಯ ಮೇಲೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ಒಂದು ದಿನದ ಕೆಲಸ, ಅಲ್ಪ ಖರ್ಚು. ಬಾಡಿಗೆಯ ಮನೆಯಲ್ಲಿರುವವರೂ ಮಾಡಿಕೊಳ್ಳಬಹುದು.

ಹೊಸದಾಗಿ ಕಟ್ಟುವವರಿಗೆ ಹೆಂಚು ತುಂಬಿದ ಕಾಂಕ್ರೀಟು ಸೂರು ಅನುಕೂಲವಾದದ್ದು. ಇದರ ತತ್ತ್ವ ಇಷ್ಟೆ. ಕಾಂಕ್ರೀಟು ಅಮುಕಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಸೂರಿನ ಮೇಲೆ ಭಾರ ಬಿದ್ದಾಗ ಅದರ ಮೇಲುಭಾಗ ಅಮುಕಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಆ ಎಳೆತವನ್ನು ಹೊರುವುದು ಉಕ್ಕಿನ ಸರಳು. ಅಲ್ಲಿರುವ ಕಾಂಕ್ರೀಟು ಹೆಚ್ಚಾಗಿ ಜೊತೆಗಾರ ಮಾತ್ರ. ಹೀಗಿರುವಾಗ ಸರಳುಗಳ ನಡುವೆ, ಕೆಳಭಾಗದಲ್ಲಿ, ಕಾಂಕ್ರೀಟಿನ ಬದಲು ಮಂಗಳೂರು ಹೆಂಚುಗಳನ್ನು ಇಟ್ಟರೆ ಬಲಕ್ಕೆ ಕುಂದಿಲ್ಲ. ಕಾಂಕ್ರೀಟಿನಲ್ಲಿ ಐದನೆಯ ಒಂದು ಪಾಲಿಗೆ ಕಡಮೆಯಿಲ್ಲದಂತೆ ಉಳಿತಾಯ. ಎರಡು ಹೆಂಚುಗಳನ್ನು ಮುಖಾಮುಖಿಯಾಗಿ ಇಟ್ಟರೆ ಒಳಗೆ ಸಿಕ್ಕಿದ ಗಾಳಿಯಿಂದ ತಂಪು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪಿನಲ್ಲಿ ಆರಂಭಿಸಿದ ಹೆಂಚಿನ ಕೈಗಾರಿಕೆಗೆ ಹೀಗೆ ಒಂದು ಹೊಸ ಉಪಯೋಗ ದೊರೆಯಿತು. ಆದರೆ ಇದನ್ನು ಇಂಜಿನಿಯರರ ಲೆಕ್ಕವಿಲ್ಲದೆ ಕಣ್ಣಳತೆಯಲ್ಲಿ ಮಾಡಬಾರದು.

ದಿಕ್ಕಿನ ವಿಷಯದಲ್ಲಿ ನಮ್ಮ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಸೂರ್ಯನ ದಿಕ್ಕನ್ನು ಮಾತ್ರ ಕೇಳುವುದಿಲ್ಲ. ಪೂರ್ವ ಪಶ್ಚಿಮದ ಬಿಸಿಲು ಓರೆಯಾಗಿ ಬರುವುದರಿಂದ ಅದನ್ನು ಸೂರಿನ ಚಾಚು ತಡೆಯಲಾರದು. ತೆಂಕಣ ಬಡಗಣ ಗೋಡೆಗಳನ್ನು ಸುಲಭವಾಗಿ ಕಾಪಾಡಬಹುದು. ಎರಡು ಅಡಿಯ ಚಾಚು ಜೂನ್ ತಿಂಗಳ ನಡುಹಗಲಿನಲ್ಲಿ ಬಡಗಣ ಗೋಡೆಯನ್ನೆಲ್ಲ ನೆರಳಿನಲ್ಲಿಡುತ್ತದೆ. ಅದೇ ಚಾಚು ಡಿಸೆಂಬರಿನಲ್ಲಿ ತೆಂಕಣ ಗೋಡೆಯ ಮೇಲಿನ ಎರಡೂವರೆ ಅಡಿಯನ್ನು ಮಾತ್ರ ಮರೆಮಾಡಿ, ಚಳಿಗಾಲದ ಹಿತವಾದ ಬಿಸಿಲನ್ನು ಕಿಟಕಿಗೆ ಬಿಡುತ್ತದೆ. ಆದಕಾರಣ ಮನೆಯ ಉದ್ದ ಪೂರ್ವಪಶ್ಚಿಮವಾಗಿರಲಿ, ಪಶ್ಚಿಮದ ಕಡೆಗೆ ಉಗ್ರಾಣವೋ ಬಚ್ಚಲೋ ಹೊಂಗೆಯ ಮರವೋ ಇರಲಿ, ಎದುರುಬದುರಾಗಿ ಕಿಟಕಿಗಳಿರಲಿ, ಬಿಸಿಗಾಳಿ ಮೇಲಕ್ಕೆ ಹೋಗಲು ಗವಾಕ್ಷಿ ಇರಲಿ. ಇದಾವುದಕ್ಕೂ ಹೆಚ್ಚು ಹಣ ಬೇಡ. ಗುದ್ದಲಿ ಹಾಕುವ ಮುನ್ನ ಅರ್ಧಗಂಟೆಯ ಆಲೋಚನೆ ಸಾಕು.

ಇಲ್ಲಿ ಒಂದು ಸಂಗತಿಯನ್ನು ಜ್ಞಾಪಿಸಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಸುತ್ತಲ ಹಳ್ಳಿಗಳ ಗುಡಿಸಲುಗಳಿಗೆ ದೀಪ ಬರಲು ಇನ್ನೂ ಬಹುಕಾಲ ಹಿಡಿಯಿತು. ಗಣಿಗಳು 2001ರಲ್ಲಿ ಮುಚ್ಚಿದವು. ಈಗ ದೀಪ ಮನೆಮನೆಗೂ ಬಂದಿದೆ; ಆದರೆ ಸೆಖೆಯ ಪೆಟ್ಟಿಗೆಯಲ್ಲಿ ಬಾಳುವವನ ವಿದ್ಯುತ್ತು ಬೆಳಕಿಗಾಗಿ ಅಲ್ಲದೆ, ಮನೆ ಮಾಡಿದ ತಪ್ಪನ್ನು ಬೀಸಣಿಗೆಯಿಂದ ತಿದ್ದುವುದಕ್ಕೆ ಖರ್ಚಾಗುತ್ತದೆ.

ನೀರಿನ ಲೆಕ್ಕವನ್ನು ಮರೆಯುವಂತಿಲ್ಲ. ಕೋಲಾರದಲ್ಲಿ ವರುಷಕ್ಕೆ ಸರಾಸರಿ 700 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. 25 ಚದರ ಮೀಟರಿನ ಸೂರಿನ ಮೇಲೆ ಅದು 17,500 ಲೀಟರು. ಐದರಲ್ಲೊಂದು ಪಾಲು ಪೋಲಾದರೂ 14,000 ಲೀಟರು ಕೈಗೆ ಸಿಕ್ಕುತ್ತದೆ. ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಕ್ಕೆ ಇಳಿದಿರುವ ಸೀಮೆಯಲ್ಲಿ, ತಲೆಯ ಮೇಲೆಯೇ ಬಂದು ಬಿದ್ದ ಈ ನೀರನ್ನು ಚರಂಡಿಗೆ ಹರಿಯಬಿಡುವುದು ಮನೆಗೆ ಬಂದ ನೆಂಟನನ್ನು ಬಾಗಿಲಿನಿಂದ ಅಟ್ಟಿದ ಹಾಗೆ.

ಇಷ್ಟೆಲ್ಲ ತಿಳಿದಿದ್ದರೂ ಇಂಥ ಮನೆಗಳು ಹಳ್ಳಿಗಳಲ್ಲಿ ಏಕೆ ವಿರಳ? ಕಾರಣಗಳು ಮೂರು ಎಂದು ನನಗೆ ತೋರುತ್ತದೆ. ಗಾರೆಯವರಿಗೆ ಅಭ್ಯಾಸವಿಲ್ಲದ ಕೆಲಸವೆಂದರೆ ಅಂಜಿಕೆ. ಸಿಮೆಂಟು ಹೆಚ್ಚು ಸುರಿದಷ್ಟೂ ಅವರಿಗೆ ಧೈರ್ಯ. ಅದು ಅವರ ತಪ್ಪಲ್ಲ, ಕಲಿಸುವವರಿಲ್ಲ. ಎರಡನೆಯದು, ಒತ್ತುಯಂತ್ರವನ್ನು ಒಬ್ಬ ಬಡವ ಒಂದು ಮನೆಗಾಗಿ ಕೊಳ್ಳಲಾರ. ಊರಿಗೊಂದು, ಪಂಚಾಯಿತಿಗೊಂದು ಇದ್ದರೆ ಮಾತ್ರ ಕೈಗೆ ಎಟುಕುತ್ತದೆ. ಆಗ ಇಟ್ಟಿಗೆಗೆ ತೆತ್ತ ಹಣದ ಬಹುಪಾಲು ಕೂಲಿಯಾಗಿ ಊರಿನಲ್ಲಿಯೇ ನಿಲ್ಲುತ್ತದೆ. ಮಣ್ಣನ್ನು ದೂರದಿಂದ ಲಾರಿಯಲ್ಲಿ ತರಿಸಬೇಕಾದರಂತೂ ಉಳಿತಾಯ ದಾರಿಯಲ್ಲಿಯೇ ಕರಗಿಹೋಗುತ್ತದೆಂಬುದನ್ನೂ ಮರೆಯಬಾರದು.

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು. ಅದು ನಾಚಿಕೆ. ನಮ್ಮ ಸರ್ಕಾರಿ ಪಟ್ಟಿಗಳಲ್ಲಿ ಮಣ್ಣಿನ ಗೋಡೆಯ ಮನೆ 'ಕಚ್ಚಾ', ಸುಟ್ಟ ಇಟ್ಟಿಗೆಯ ಮನೆ 'ಪಕ್ಕಾ'. ಆ ಮಾತು ಗೋಡೆಯಿಂದ ಇಳಿದು ಒಳಗಿರುವ ಮನುಷ್ಯನಿಗೂ ಅಂಟಿಕೊಂಡಿತು. ಮಣ್ಣಿನ ಮನೆಯವನೆಂದರೆ ಹೆಣ್ಣು ಕೊಡುವವರೂ ಹಿಂದುಮುಂದು ನೋಡುತ್ತಾರೆ. ನಿಜವಾಗಿ ನೋಡಿದರೆ ಹಳೆಯ ಗೋಡೆಗಳು ಮಣ್ಣೆಂಬ ಕಾರಣದಿಂದ ಬೀಳಲಿಲ್ಲ. ತಲೆಯ ಮೇಲೆ ಸೂರು ಸೋರಿ, ಕಾಲಕೆಳಗೆ ಕಲ್ಲಿನ ತಳಪಾಯ ಸಾಲದೆ ನೀರು ಹಿಡಿದು ಬಿದ್ದವು. ತಲೆಗೆ ಚಾಚಿದ ಸೂರು, ಕಾಲಿಗೆ ಎತ್ತರದ ಕಲ್ಲು, ಮೈಗೆ ಒಂದಿಷ್ಟು ಸಿಮೆಂಟಿನ ಬಲ, ಇವನ್ನು ಕೊಟ್ಟರೆ ಮಣ್ಣೂ ಪಕ್ಕಾ ಆಗುತ್ತದೆ.

ಈ ನಾಚಿಕೆಯನ್ನು ಹಳ್ಳಿಯವನಿಗೆ ಕಲಿಸಿದವರು ಯಾರು? ಪೇಟೆಯಲ್ಲಿರುವ ನಾವು. ಹಳ್ಳಿಯವನು ಮನೆ ಕಟ್ಟಲು ಹೊರಟಾಗ ಕಣ್ಣಮುಂದೆ ಇಟ್ಟುಕೊಳ್ಳುವುದು ಪೇಟೆಯಲ್ಲಿ ಕಂಡ ಮನೆಯನ್ನು. ನಾವು ಕಾಂಕ್ರೀಟಿನ ಪೆಟ್ಟಿಗೆಯಲ್ಲಿ ಕುಳಿತು, ಶೈತ್ಯಯಂತ್ರವನ್ನು ತಿರುಗಿಸಿಕೊಂಡು, ಅವನಿಗೆ ಮಣ್ಣಿನ ಮಹಿಮೆಯನ್ನು ಬೋಧಿಸಿದರೆ ಅವನು ನಗುತ್ತಾನೆ, ನಗಬೇಕಾದದ್ದೇ. ಬೆಂಗಳೂರಿನಲ್ಲಿ ಒತ್ತುಮಣ್ಣಿನ ಮನೆಗಳನ್ನು ಕಟ್ಟಿಸಿಕೊಂಡು ಸುಖವಾಗಿರುವ ವಿದ್ಯಾವಂತರು ಈಗಾಗಲೇ ಇದ್ದಾರೆ. ಅವರ ಸಂಖ್ಯೆ ಬೆಳೆಯಬೇಕು. ಬಡವನಿಗೆ ಒಳ್ಳೆಯದೆಂದು ನಾವು ಹೇಳುವುದನ್ನು ಮೊದಲು ನಮಗೆ ಒಳ್ಳೆಯದೆಂದು ಒಪ್ಪಿ ತೋರಿಸಬೇಕು. ಶಾಲೆ, ಪಂಚಾಯಿತಿಯ ಕಚೇರಿ, ಆಸ್ಪತ್ರೆ, ಇವನ್ನು ಈ ಕ್ರಮದಲ್ಲಿ ಕಟ್ಟಿದರೆ ಊರಿನ ಗಾರೆಯವರಿಗೆ ಕಲಿತಂತೆಯೂ ಆಯಿತು, ಊರಿನವರಿಗೆ ಮುಟ್ಟಿ ನೋಡಿದಂತೆಯೂ ಆಯಿತು.

ಶ್ರೋತೃಗಳಲ್ಲಿ ಈ ವರುಷ ಮನೆ ಕಟ್ಟಿಸುವ ಸಂಕಲ್ಪ ಮಾಡಿದವರು ಕೆಲವರಾದರೂ ಇದ್ದೇ ಇರುವಿರಿ. ನಕ್ಷೆಯವನ ಬಳಿಗೆ ಹೋಗುವ ಮುನ್ನ ಮೂರು ಕೆಲಸಗಳನ್ನು ಮಾಡಿ. ನಿಮ್ಮ ನಿವೇಶನದ ಮಣ್ಣನ್ನು ಒಂದು ಸೀಸೆಯಲ್ಲಿ ಹಾಕಿ ನೋಡಿ. ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿ ನಿಂತು ಬಿಸಿಲೂ ಗಾಳಿಯೂ ಎತ್ತಲಿಂದ ಬರುತ್ತವೆಂದು ಗುರುತುಮಾಡಿಕೊಳ್ಳಿ. ಕಟ್ಟುವ ಖರ್ಚಿನ ಪಕ್ಕದಲ್ಲಿ ಬಾಳುವ ಖರ್ಚನ್ನೂ ಬರೆದು ಕೂಡಿಸಿ. ಆಮೇಲೆ ನಿಮಗೆ ಸರಿ ತೋರಿದಂತೆ ಮಾಡಿ. ಈ ಮೂರನ್ನು ಮಾಡಿದವರಿಗೆ ನನ್ನ ಭಾಷಣದ ಅಗತ್ಯ ಮತ್ತೆ ಬೀಳಲಾರದು.